ಕ್ಯಾಸೆಟ್‌ನಲ್ಲಿ ಉಳಿದ ನಾಲ್ಕು ಸಾಲು

ಮದ್ರಸದ ಹುಡುಗನೊಬ್ಬ ಮೊನ್ನೆ ಹಳೇ ಕ್ಯಾಸೆಟ್ ತಂದು, "ಉಸ್ತಾದ್, ಇದು ಈಗಲೂ ಕೇಳ್ತದಾ?" ಅಂತ ಕೇಳಿದ. ಸೌದಿಯಲ್ಲಿದ್ದ ಗಂಡನಿಗೆ ಅವನ ಅಜ್ಜಿ ಮಾತು ತುಂಬಿಸಿ ಕಳಿಸಿದ್ದ ಕ್ಯಾಸೆಟ್ ಅದು. ಅಜ್ಜ ಊರಿಗೆ ಮರಳುವಾಗ ಜೋಪಾನವಾಗಿ ವಾಪಸ್ ತಂದಿದ್ದರಂತೆ. ಈಗ ಅವರು ಮರ್‌ಹೂಂ.

ಅಜ್ಜಿಯ ಒಪ್ಪಿಗೆ ಕೇಳಿ, ಅವರ ಮನೆಯಲ್ಲೇ ಕೂತು ಟೇಪ್ ಹಾಕಿದೆವು. ಮೊದಲು ಸಲಾಂ. ಆಮೇಲೆ ಮಕ್ಕಳ ಜ್ವರ, ಅಂಗಡಿಯ ಸಾಲ, ಸೋರುವ ಮಾಡು. ಕೊನೆಗೆ ಸಣ್ಣ ದನಿಯಲ್ಲಿ ಬ್ಯಾರಿ ಭಾಷೆಯ ನಾಲ್ಕು ಸಾಲು ಹಾಡು, ಅಜ್ಜಿಯೇ ಕಟ್ಟಿದ್ದು. ವಾದ್ಯವಿಲ್ಲ, ತಾಳವಿಲ್ಲ. ಹಿಂದೆ ಮಳೆಯ ಸದ್ದು, ಎಲ್ಲೋ ಕೋಳಿ ಕೂಗು. ದೊಡ್ಡ ಸ್ಟುಡಿಯೋದಲ್ಲಿ ಮಾಡಿದ ಹಾಡು ಕೇಳಿಯೂ ನನಗೆ ಹಾಗೆ ಕಣ್ಣು ತುಂಬಿದ್ದಿಲ್ಲ.

ನಮ್ಮ ನೆರೆಯ ಮಲಬಾರಿನಲ್ಲಿ ಇಂಥ ಹಾಡಿಗೆ 'ಕತ್ತುಪಾಟ್ಟ್' ಎಂಬ ಹೆಸರೇ ಇದೆ. ಅಂದರೆ ಪತ್ರದ ಹಾಡು. 1921ರ ಮಲಬಾರ್ ದಂಗೆಯ ನಂತರ ಎಷ್ಟೋ ಮಾಪಿಳ್ಳೆಗಳನ್ನು ನಮ್ಮ ಬಳ್ಳಾರಿ ಜೈಲಿಗೆ ತಂದು ಹಾಕಿದ್ದರು. ಅಲ್ಲಿದ್ದ ಗಂಡನಿಗೆ ಮರಿಯಕುಟ್ಟಿ ಎಂಬ ಹೆಂಡತಿ ಬರೆದ ಪತ್ರದ ರೂಪದಲ್ಲಿ ಪುಲಿಕ್ಕೋಟಿಲ್ ಹೈದರ್ ಹಾಡು ಕಟ್ಟಿದರು. 1977ರ ಹೊತ್ತಿಗೆ ಜೈಲಿನ ಜಾಗಕ್ಕೆ ಗಲ್ಫ್ ಬಂತು. ಎಸ್.ಎ. ಜಮೀಲ್ ಅವರ 'ದುಬೈ ಕತ್ತುಪಾಟ್ಟ್' ಒಂಟಿ ಹೆಂಡತಿಯ ಸಂಕಟ ಹೇಳಿತು. ಗಂಡನ ಉತ್ತರವನ್ನೂ ಆಮೇಲೆ ಅವರೇ ಹಾಡಾಗಿ ಬರೆದರು. ಕ್ಯಾಸೆಟ್‌ನಲ್ಲಿ ಅದು ಮನೆಮನೆಗೆ ಮುಟ್ಟಿತು.

ಆದರೆ ಅವೆರಡೂ ಹೆಣ್ಣಿನ ಪರವಾಗಿ ಗಂಡಸರು ಬರೆದದ್ದು. ನಮ್ಮ ಅಜ್ಜಿಯದ್ದು ಅವರದೇ ಮಾತು, ಅವರದೇ ದನಿ.

2009ರಲ್ಲಿ ಬ್ಯಾರಿ ಸಾಹಿತ್ಯ ಅಕಾಡೆಮಿ ಬಂದ ಮೇಲೆ ನಮ್ಮ ಭಾಷೆಗೆ ಒಂದು ನೆಲೆ ಸಿಕ್ಕಿದೆ. ಮದುವೆ ಮನೆಯ ಮೈಲಾಂಜಿ ಪಾಟ್ ವೇದಿಕೆಯಲ್ಲೂ ಕೇಳುತ್ತದೆ. ಆದರೆ ಅಡುಗೆಕೋಣೆಯಲ್ಲಿ, ತೊಟ್ಟಿಲ ಹತ್ತಿರ ಒಬ್ಬರೇ ಗುನುಗಿದ ಹಾಡುಗಳನ್ನು ಬರೆದಿಟ್ಟವರು ಯಾರು?

ಆ ಕ್ಯಾಸೆಟ್‌ಗೆ ಬೂಸ್ಟು ಹಿಡಿದಿತ್ತು. ಮೂರನೇ ಸಾಲು ಪೂರ್ತಿ ಮುಳುಗಿಹೋಗಿದೆ. "ಅದೇನಿತ್ತು ಉಮ್ಮಾ?" ಅಂತ ಕೇಳಿದೆ. ಅಜ್ಜಿ ತುಂಬಾ ಹೊತ್ತು ಯೋಚಿಸಿ, "ನೆನಪಿಲ್ಲ ಮೋನೇ" ಅಂದರು.

ಎಲ್ಲರ ಕೈಯಲ್ಲೂ ಈಗ ಮೊಬೈಲ್ ಇದೆ. ಈ ಜುಮಾ ಮುಗಿಸಿ ಮನೆಗೆ ಹೋದಾಗ ಉಮ್ಮನ ಹತ್ತಿರ ಕೂತು ಒಂದು ಹಾಡು ಕೇಳಿ, ರೆಕಾರ್ಡ್ ಮಾಡಿಟ್ಟುಕೊಳ್ಳಿ. ಮೊದಲು ಅನುಮತಿ ಕೇಳಿ, ಮನೆಯ ಮಾತು ಅಮಾನತ್. ಗುಂಪುಗಳಿಗೆಲ್ಲ ಕಳಿಸಬೇಡಿ. ನಿಮ್ಮ ಮಕ್ಕಳಿಗೆ ಉಳಿದರೆ ಸಾಕು.