ಮುಖಕಾಂತಿಯೂ ಚರ್ಮರಕ್ಷಣೆಯೂ

ಯಶವಂತಪುರದ ಸಮೀಪದಲ್ಲಿರುವ ಗಂಧದ ಸಾಬೂನಿನ ಕಾರ್ಖಾನೆಯನ್ನು ಅರಿಯದವರು ನಮ್ಮ ಶ್ರೋತೃಗಳಲ್ಲಿ ವಿರಳ. ಅಲ್ಲಿಯ ಮೆಟ್ರೋ ನಿಲ್ದಾಣಕ್ಕೂ ಅದೇ ಹೆಸರು. ಸಾಬೂನಿನ ಕೆಲಸ ಕೊಳೆಯನ್ನು ತೆಗೆಯುವುದಷ್ಟೆ. ಆದರೆ ಕೊಳೆ ಹೋದರೆ ಸಾಲದು, ಮೈಬಣ್ಣವೂ ಬದಲಾಗಬೇಕೆಂದು ಬಯಸುವವರು ಅನೇಕರಿದ್ದಾರೆ. ಈ ಬಯಕೆಯಿಂದಾಗುವ ಹಾನಿಯನ್ನೂ, ಅದಕ್ಕೆ ಬದಲಾಗಿ ಅನುಸರಿಸತಕ್ಕ ಸೌಮ್ಯಕ್ರಮವನ್ನೂ ಇಲ್ಲಿ ವಿಚಾರಮಾಡುವೆವು.

ಚರ್ಮದ ಹೊರಪದರವು ನಿರ್ಜೀವ ಕಣಗಳನ್ನು ಇಟ್ಟಿಗೆಗಳಂತೆ ಜೋಡಿಸಿ, ನಡುವೆ ಜಿಡ್ಡನ್ನು ಗಾರೆಯಂತೆ ತುಂಬಿದ ಗೋಡೆ. ಅದು ಒಳಗಿನ ತೇವವನ್ನು ಕಾಯುತ್ತದೆ, ಹೊರಗಿನ ಕೇಡನ್ನು ತಡೆಯುತ್ತದೆ. ಅದರ ಮೇಲ್ಮೈ ತುಸು ಆಮ್ಲಗುಣವುಳ್ಳದ್ದು, ಸಾಬೂನಾದರೋ ಕ್ಷಾರ. ಆದಕಾರಣ ದಿನಕ್ಕೆ ನಾಲ್ಕೈದು ಬಾರಿ ಮುಖಕ್ಕೆ ಸಾಬೂನು ಹಾಕಿ ತಿಕ್ಕುವುದೆಂದರೆ ಗೋಡೆಯ ಗಾರೆಯನ್ನು ಕೆರೆದಂತೆಯೇ ಸರಿ. ನಿಂಬೆಯ ರಸವನ್ನು ಬಳಿದುಕೊಂಡು ಬಿಸಿಲಿಗೆ ಹೋಗುವುದು ಇನ್ನೂ ಕೆಟ್ಟದ್ದು. ಅದರಲ್ಲಿರುವ ಕೆಲವು ದ್ರವ್ಯಗಳು ಬಿಸಿಲು ತಗುಲಿದೊಡನೆ ಚರ್ಮವನ್ನು ಸುಟ್ಟು, ಬಹುಕಾಲ ಉಳಿಯುವ ಕಪ್ಪು ಕಲೆಯನ್ನು ಬಿಡಬಹುದು. ಬಿಳುಪನ್ನು ಬಯಸಿದವರಿಗೆ ಕಪ್ಪೇ ಫಲ!

ಇದಕ್ಕಿಂತಲೂ ಘೋರವಾದುದು ಸ್ಟೀರಾಯ್ಡ್ ಬೆರೆತ ಮುಲಾಮು. ವೈದ್ಯರು ಇಸುಬು ಮೊದಲಾದ ರೋಗಗಳಿಗೆ ಅಲ್ಪಕಾಲಕ್ಕೆಂದು ಕೊಡುವ ಈ ಔಷಧವನ್ನು, ನೆರೆಹೊರೆಯವರ ಮಾತು ಕೇಳಿ, ಬಣ್ಣಕ್ಕಾಗಿ ತಿಂಗಳುಗಟ್ಟಲೆ ಹಚ್ಚುವವರುಂಟು. ಮೊದಮೊದಲು ಮುಖವು ಬೆಳಗುತ್ತದೆ. ಬರುಬರುತ್ತ ಚರ್ಮವು ತೆಳುವಾಗಿ ಕೆಂಪು ನಾಳಗಳು ಕಾಣುತ್ತವೆ. ಮೊಡವೆಯೂ ಕೂದಲೂ ಹುಟ್ಟುತ್ತವೆ. ನಿಲ್ಲಿಸಿದರೆ ಉರಿ, ಉರಿ ತಾಳಲಾರದೆ ಮತ್ತೆ ಲೇಪ. 2018ರಲ್ಲಿ ಭಾರತ ಸರ್ಕಾರವು ಇಂತಹ 14 ಸ್ಟೀರಾಯ್ಡ್ ಔಷಧಗಳ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ವಿಧಿಸಿತು. ಈಗಾಗಲೇ ಬಳಸುತ್ತಿರುವವರು ತಾವಾಗಿ ಥಟ್ಟನೆ ನಿಲ್ಲಿಸದೆ ಚರ್ಮವೈದ್ಯರನ್ನು ಕಾಣತಕ್ಕದ್ದು. ತಯಾರಕರ ವಿಳಾಸವಿಲ್ಲದ ಬಿಳುಪಿನ ಕ್ರೀಮುಗಳನ್ನಂತೂ ಮುಟ್ಟಲೇಬಾರದು. ಅಂಥವುಗಳಲ್ಲಿ ಪಾದರಸವು ಸಿಕ್ಕಿರುವುದುಂಟು. ಅದು ಚರ್ಮದ ಮೂಲಕ ಒಳಸೇರಿ ಮೂತ್ರಪಿಂಡಗಳನ್ನು ಕೆಡಿಸುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ದಿನಕ್ಕೆ ಎರಡು ಬಾರಿ ಉಗುರುಬೆಚ್ಚನೆಯ ನೀರಿನಿಂದಲೂ ಸೌಮ್ಯವಾದ ಮಾರ್ಜಕದಿಂದಲೂ ಮುಖ ತೊಳೆದು, ತಿಕ್ಕದೆ ಮೆಲ್ಲಗೆ ಒತ್ತಿ ಒರೆಸಿ, ತೇವವಿರುವಾಗಲೇ ಪರಿಮಳವಿಲ್ಲದ ಮಾಯಿಶ್ಚರೈಸರನ್ನು ಸವರಬೇಕು. ಹೊಸ ಪದಾರ್ಥ ಯಾವುದನ್ನೇ ಆಗಲಿ ಮೊದಲು ಕೆಲವು ದಿನ ಮೊಣಕೈಯ ಒಳಭಾಗದಲ್ಲಿ ಪರೀಕ್ಷಿಸುವುದು ಲೇಸು. ಬಿಸಿಲಿನ ವಿಷಯದಲ್ಲಿ ನಮ್ಮ ಊರು ನಮ್ಮನ್ನು ವಂಚಿಸುತ್ತದೆ. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು 900 ಮೀಟರು ಎತ್ತರದಲ್ಲಿದೆ. ಹೆಬ್ಬಾಳದ ಕೆರೆಯ ಗಾಳಿ ತಂಪಾಗಿರುವ ಮಾತ್ರಕ್ಕೆ ಅತಿನೇರಳೆ ಕಿರಣಗಳು ತಣ್ಣಗಾಗುವುದಿಲ್ಲ. ಯಲಹಂಕದಿಂದ ಸ್ಕೂಟರಿನಲ್ಲಿ ಬರುವವರು ತುಂಬುತೋಳಿನ ಉಡುಪನ್ನು ಧರಿಸಿ, ಎಸ್‌ಪಿಎಫ್ 30 ಅಥವಾ ಅದಕ್ಕೆ ಮೇಲ್ಪಟ್ಟ ಸನ್‌ಸ್ಕ್ರೀನನ್ನು ಹಚ್ಚಿಕೊಂಡು ಹೊರಡುವುದು ಒಳ್ಳೆಯದು.

ಮೈಬಣ್ಣವು ರೋಗವಲ್ಲ, ಬಿಸಿಲಿಗೆಂದು ಪ್ರಕೃತಿಯು ಹಿಡಿದ ಕೊಡೆ. ಹೆಣ್ಣು ನೋಡಲು ಹೋಗುವ ಹಿರಿಯರು ಬಣ್ಣದ ಮಾತನ್ನು ಬಿಟ್ಟರೆ, ಎಷ್ಟೋ ಮಕ್ಕಳ ಮುಖಗಳು ಉಳಿದಾವು.