ಟೂತ್‌ಪೇಸ್ಟಿಗೂ ಮೊಬೈಲ್ ನಂಬರ್ ಬೇಕಂತೆ!

ದೊಡ್ಡ ಮಳಿಗೆಗಳ ಬಿಲ್ಲಿಂಗ್ ಕೌಂಟರಿನಲ್ಲಿ ಈಗ ಮೊದಲು ಕೇಳೋದು ದುಡ್ಡಲ್ಲ. 'ನಂಬರ್ ಹೇಳಿ ಸಾರ್!' ಕೊಂಡದ್ದು ಒಂದು ಟೂತ್‌ಪೇಸ್ಟು, ಕೊಡೋದು ನಗದು. ಆದರೂ ನಂಬರ್ ಬೇಕು. ಹಿಂದೆ ನಿಂತವರು ಗೊಣಗ್ತಾರಲ್ಲ ಅಂತ ಗಿರಾಕಿ ಹತ್ತೂ ಅಂಕಿ ಒಪ್ಪಿಸಿ ಬರ್ತಾನೆ.

ಯಾಕೆ ಬೇಕು? 'ಬಿಲ್ಲು ಮೆಸೇಜಿನಲ್ಲಿ ಬರುತ್ತೆ, ಪಾಯಿಂಟ್ ಸೇರುತ್ತೆ' ಎಂಬುದು ಕೌಂಟರಿನ ಉತ್ತರ. ಸುಳ್ಳಲ್ಲ, ಆದರೆ ಪೂರ್ತಿ ನಿಜವೂ ಅಲ್ಲ.

ದಾರ ಒಂದೇ

ಒಂದೇ ಹೆಸರಿನವರು ಊರಲ್ಲಿ ಹತ್ತು ಜನ ಇರ್ತಾರೆ. ಒಂದು ನಂಬರಿಗೆ ಮಾತ್ರ ಒಬ್ಬರೇ ವಾರಸುದಾರರು. ಸಕ್ಕರೆ ಕಾಯಿಲೆಯ ಮಾತ್ರೆ, ಕೂಸಿನ ಹಾಲಿನ ಪುಡಿ, ಹಬ್ಬದ ಬಟ್ಟೆ ಎಲ್ಲವನ್ನೂ ಆ ನಂಬರ್ ಹೂವಿನ ದಾರದ ಹಾಗೆ ಒಂದೇ ಮಾಲೆಗೆ ಕಟ್ಟುತ್ತೆ. ಯಾರ ಮನೆಯಲ್ಲಿ ಕಾಯಿಲೆ, ಯಾರ ಕೈ ಈ ತಿಂಗಳು ಬಿಗಿ ಎಂಬುದನ್ನು ಕಂಪ್ಯೂಟರ್ ಕೂತಲ್ಲೇ ಊಹಿಸಬಲ್ಲದು.

ಅಲ್ಲಿಗೇ ಮುಗಿಯಲ್ಲ. ವ್ಯಾಪಾರಿ ಕಂಪನಿಗಳು ತಮ್ಮ ಗಿರಾಕಿಗಳ ನಂಬರ್ ಪಟ್ಟಿಯನ್ನು ಗೂಗಲ್, ಫೇಸ್‌ಬುಕ್ಕಿನ ಜಾಹೀರಾತು ವಿಭಾಗಕ್ಕೆ ಸಂಕೇತ ರೂಪದಲ್ಲಿ ಕಳಿಸುವ ವ್ಯವಸ್ಥೆ ಇದೆ. ಅಲ್ಲಿರುವ ಖಾತೆಗೆ ನಂಬರ್ ತಾಳೆಯಾದರೆ ಸಾಕು, ಬೆಳಿಗ್ಗೆ ಬಿಟ್ಟು ಬಂದ ಅಂಗಡಿಯ ಜಾಹೀರಾತು ಸಂಜೆ ಬಸ್ಸಿನಲ್ಲಿ ಕೂತವರ ಫೋನಿನಲ್ಲಿ ಹಾಜರ್!

ಶೆಟ್ಟರ ಉದ್ರಿ ಪುಸ್ತಕ

ಗಿರಾಕಿಯ ಲೆಕ್ಕ ಇಡೋದು ಹೊಸದೇನಲ್ಲ. ಮೂಲೆ ಅಂಗಡಿ ಶೆಟ್ಟರ ಉದ್ರಿ ಪುಸ್ತಕದಲ್ಲೂ ಮನೆಮನೆಯ ಸಂಸಾರ ಇರುತ್ತೆ. ಆದರೆ ಆ ಪುಸ್ತಕ ಗಲ್ಲಾಪೆಟ್ಟಿಗೆ ಬಿಟ್ಟು ಕದಲಲ್ಲ. ಬಾಕಿ ತೀರಿಸಿದ ದಿನ ಗೀಟು ಬೀಳುತ್ತೆ. ಕಂಪನಿಯ ಪುಸ್ತಕ ಯಾರ್ಯಾರ ಕೈಗೆ ಹೋಗುತ್ತೆ, ಗೀಟು ಯಾವಾಗ ಬೀಳುತ್ತೆ ಅಂತ ಕೌಂಟರಿನಲ್ಲಿ ಯಾರೂ ಹೇಳಲ್ಲ.

ಕಾನೂನು ಏನನ್ನುತ್ತೆ?

ದೂರುಗಳು ಬಂದ ಮೇಲೆ 2023ರ ಮೇ ತಿಂಗಳಲ್ಲಿ ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ ವರ್ತಕರಿಗೆ ಸೂಚನೆ ಕೊಟ್ಟಿತು: ನಂಬರ್ ಕೊಡಲೇಬೇಕೆಂದು ಹಟ ಹಿಡಿಯುವಂತಿಲ್ಲ, ಅದು ಅನುಚಿತ ವ್ಯಾಪಾರ ಪದ್ಧತಿ. ಅದೇ ವರ್ಷ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆ ಬಂತು. ಮಾಹಿತಿ ಯಾತಕ್ಕೆ ಅಂತ ಹೇಳಿ ಒಪ್ಪಿಗೆ ಪಡೆಯಬೇಕು, ಕೊಟ್ಟ ಒಪ್ಪಿಗೆಯನ್ನು ಗ್ರಾಹಕ ಹಿಂತೆಗೆಯಬಹುದು. ಮಾಹಿತಿಗೆ ಭದ್ರತೆ ಒದಗಿಸದಿದ್ದರೆ 250 ಕೋಟಿ ರೂಪಾಯಿವರೆಗೆ ದಂಡ. ಆದರೆ ನಿಯಮಗಳು ಹೊರಬಿದ್ದದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳಿಗೆ ಅಲ್ಲಿಂದ 18 ತಿಂಗಳ ವಾಯಿದೆ ಬೇರೆ!

ಈ ಕಾಯ್ದೆಗೆ ದಾರಿ ಮಾಡಿದವರು ನಮ್ಮ ರಾಜ್ಯದವರೇ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಇಳಿವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿದರು. ಅದೇ ಕೇಸಿನಲ್ಲಿ 2017ರ ಆಗಸ್ಟ್ 24ರಂದು 9 ನ್ಯಾಯಮೂರ್ತಿಗಳ ಪೀಠ ಖಾಸಗಿತನವೂ ಮೂಲಭೂತ ಹಕ್ಕು ಅಂತ ಒಮ್ಮತದಿಂದ ಸಾರಿತು. ಪುಟ್ಟಸ್ವಾಮಿಯವರು 2024ರಲ್ಲಿ ತೀರಿಕೊಂಡರು.

ಕೌಂಟರಿನ ಹುಡುಗರ ಮೇಲೆ ರೇಗಿ ಫಲವಿಲ್ಲ, ಅವರದು ಮೇಲಿನವರ ಅಪ್ಪಣೆ. 'ನಂಬರ್ ಕೊಡಲ್ಲ, ಕಾಗದದ ಬಿಲ್ ಕೊಡಿ' ಅಂದ್ರೆ ಆಯ್ತು. ಮೊಂಡು ಹಿಡಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಇದೆ.

ಊರಿನ ವರ್ತಕರಿಗೂ ಒಂದು ಮಾತು. ಬಿಲ್ಲಿಂಗ್ ಸಾಫ್ಟ್‌ವೇರಿನವರು ಹೇಳಿದರು ಅಂತ ಗಿರಾಕಿಯ ನಂಬರ್ ತುಂಬಿಸಿಟ್ಟರೆ ಅದನ್ನು ಕಾಯುವ ಹೊಣೆಯೂ ನಿಮ್ಮ ತಲೆಗೇ. ಬೇಡದ್ದನ್ನು ಬರೆದುಕೊಳ್ಳದಿದ್ದರೆ ಕಾಯುವ ಚಿಂತೆಯೂ ಇಲ್ಲ!