ತೂಕ ಇಳಿಸುವ ಆಪರೇಷನ್ ಆದ್ಮೇಲೆ ಕೂದಲು ಉದುರುತ್ತಿದೆಯಾ? ಗಾಬರಿ ಬೇಡ, ಆದ್ರೆ ಮಾತ್ರೆ ಮಾತ್ರ ಬಿಡಬೇಡಿ

ತಿಪಟೂರು: ಬೊಜ್ಜು ಇಳಿಸುವ ಆಪರೇಷನ್ ಈಗ ಬರೀ ಬೆಂಗಳೂರಿನವರ ವಿಷಯವಾಗಿ ಉಳಿದಿಲ್ಲ. ತಾಲ್ಲೂಕು ಕೇಂದ್ರಗಳಿಂದಲೂ ಜನ ಹೋಗಿ ಮಾಡಿಸಿಕೊಂಡು ಬರುತ್ತಿದ್ದಾರೆ. ಆಪರೇಷನ್ ಮಾಡಿದ ಡಾಕ್ಟರ್ ಬೆಂಗಳೂರಲ್ಲೇ ಇರ್ತಾರೆ, ಮುಂದಿನ ಊಟ, ಮಾತ್ರೆ, ತೊಂದರೆ ಎಲ್ಲಾ ಊರಲ್ಲೇ ನೋಡಿಕೊಳ್ಳಬೇಕು. ಮೂರ್ನಾಲ್ಕು ತಿಂಗಳಾಗುತ್ತಿದ್ದಂತೆ ಬಾಚಣಿಗೆ ತುಂಬಾ ಕೂದಲು ಬರೋಕೆ ಶುರುವಾದಾಗ ಹೆಚ್ಚಿನವರು ಮೊದಲು ಓಡೋದು ಎಣ್ಣೆ, ಶಾಂಪೂ ಅಂಗಡಿಗೆ. ಕೊಬ್ಬರಿ ಊರಲ್ಲಿ ಎಣ್ಣೆಗೇನೂ ಬರ ಇಲ್ಲ. ಆದರೆ ಈ ಕೂದಲು ಉದುರೋದಕ್ಕೆ ಕಾರಣ ಇರೋದು ತಲೆಯ ಮೇಲಲ್ಲ, ಹೊಟ್ಟೆಯೊಳಗೆ.

ಯಾಕೆ ಉದುರುತ್ತೆ?

ಆರೋಗ್ಯವಂತರ ತಲೆಯಲ್ಲೂ ಎಲ್ಲಾ ಕೂದಲು ಒಟ್ಟಿಗೆ ಬೆಳೆಯಲ್ಲ. ನೂರಕ್ಕೆ 85-90 ಬೆಳೀತಿರುತ್ತವೆ, ಉಳಿದವು ವಿಶ್ರಾಂತಿಯಲ್ಲಿ ಇರುತ್ತವೆ. ವಿಶ್ರಾಂತಿ ಮುಗಿದ ಕೂದಲು ಉದುರುತ್ತೆ, ಆ ಜಾಗದಲ್ಲಿ ಹೊಸದು ಬರುತ್ತೆ. ದಿನಕ್ಕೆ 50ರಿಂದ 100 ಕೂದಲು ಹೋಗೋದು ಮಾಮೂಲು.

ದೊಡ್ಡ ಆಪರೇಷನ್, ದಿಢೀರ್ ತೂಕ ಇಳಿಕೆ, ಊಟ ಕಮ್ಮಿ. ಇವು ಮೂರೂ ಒಟ್ಟಿಗೆ ಬಂದಾಗ ದೇಹ ಮೊದಲು ಹೃದಯ, ಮೆದುಳಿನಂಥ ಮುಖ್ಯ ಅಂಗಗಳನ್ನು ನೋಡಿಕೊಳ್ಳುತ್ತೆ. ಕೂದಲಿನ ಸರದಿ ಕೊನೆಗೆ. ಹಾಗಾಗಿ ಒಮ್ಮೆಲೇ ಜಾಸ್ತಿ ಕೂದಲು ವಿಶ್ರಾಂತಿಗೆ ಜಾರಿ, ಸುಮಾರು ಮೂರು ತಿಂಗಳ ನಂತರ ಒಟ್ಟಿಗೆ ಉದುರುತ್ತವೆ. ಡಾಕ್ಟರ್‌ಗಳು ಇದನ್ನು ಟೆಲೋಜೆನ್ ಎಫ್ಲುವಿಯಂ ಅಂತಾರೆ. ಬಾಣಂತಿಯರಿಗೆ, ಟೈಫಾಯಿಡ್ ಬಂದು ಹೋದವರಿಗೆ ಕೂದಲು ಉದುರೋದೂ ಇದೇ ಥರ. ಬುಡ ಸಾಯದ ಕಾರಣ ಸಾಮಾನ್ಯವಾಗಿ ವರ್ಷ ತುಂಬುವುದರೊಳಗೆ ಮತ್ತೆ ಬೆಳೆಯುತ್ತೆ.

ಆದರೆ ಆರು ತಿಂಗಳು ದಾಟಿದರೂ ನಿಲ್ಲದಿದ್ದರೆ, ಅಥವಾ ವರ್ಷ ಕಳೆದ ಮೇಲೆ ಶುರುವಾದರೆ ಅದು ಬೇರೆ ಕಥೆ. ಆಗ ಕಬ್ಬಿಣ, ಸತು, ಪ್ರೋಟೀನ್ ಕೊರತೆ ಅಥವಾ ಥೈರಾಯ್ಡ್ ಇದೆಯಾ ಅಂತ ರಕ್ತ ಪರೀಕ್ಷೆ ಮಾಡಿಸಲೇಬೇಕು.

ಕೊರತೆ ಬರೋದು ಹೇಗೆ?

ಸ್ಲೀವ್ ಆಪರೇಷನ್‌ನಲ್ಲಿ ಜಠರದ ಸುಮಾರು ನೂರಕ್ಕೆ 80 ಭಾಗ ಕತ್ತರಿಸಿ ತೆಗೆಯುತ್ತಾರೆ. ಬೈಪಾಸ್‌ನಲ್ಲಿ ಜಠರವನ್ನು ಪುಟ್ಟ ಚೀಲದಷ್ಟು ಮಾಡಿ, ಸಣ್ಣ ಕರುಳಿನ ಮೊದಲ ಭಾಗವನ್ನು ಬಿಟ್ಟು ಕೆಳಗೆ ಜೋಡಿಸುತ್ತಾರೆ. ಕಬ್ಬಿಣ, ಕ್ಯಾಲ್ಸಿಯಂ ಹೆಚ್ಚಾಗಿ ಹೀರಿಕೊಳ್ಳೋದು ಆ ಮೊದಲ ಭಾಗದಲ್ಲೇ. ಬಿ12 ಹೀರಬೇಕಾದರೆ ಜಠರದ ರಸವೇ ಬೇಕು. ಅಂದ್ರೆ ತಿನ್ನೋದೂ ಕಮ್ಮಿ, ತಿಂದದ್ದು ಮೈಗೆ ಹತ್ತೋದೂ ಕಮ್ಮಿ. ಅದಕ್ಕೇ ಈ ಮಾತ್ರೆಗಳು ಜೀವನಪೂರ್ತಿ.

ಮೊದಲು ಪ್ರೋಟೀನ್

ಕೂದಲು ಆಗಿರೋದೇ ಪ್ರೋಟೀನ್‌ನಿಂದ. ದಿನಕ್ಕೆ ಕನಿಷ್ಠ 60 ಗ್ರಾಂ ಬೇಕು. ಮುದ್ದೆಯಿಂದ ಇದು ಆಗಲ್ಲ. 100 ಗ್ರಾಂ ರಾಗಿ ಹಿಟ್ಟಿನಲ್ಲಿ ಇರೋದು ಸುಮಾರು 7 ಗ್ರಾಂ, ಅಷ್ಟು ಹಿಟ್ಟಿನ ಮುದ್ದೆ ಹೊಸ ಹೊಟ್ಟೆಗೆ ಇಳಿಯೋದೂ ಇಲ್ಲ. ರಾಗಿ ಕ್ಯಾಲ್ಸಿಯಂಗೆ ಒಳ್ಳೇದು, ಪ್ರೋಟೀನ್‌ಗೆ ಬೇರೆ ನೋಡಬೇಕು. ಒಂದು ಮೊಟ್ಟೆಯಲ್ಲಿ 6 ಗ್ರಾಂ, ಒಂದು ಲೋಟ ಹಾಲಿನಲ್ಲಿ 6-7 ಗ್ರಾಂ, 100 ಗ್ರಾಂ ಬೆಂದ ಕೋಳಿಯಲ್ಲಿ 25 ಗ್ರಾಂ, 100 ಗ್ರಾಂ ಪನೀರ್‌ನಲ್ಲಿ ಸುಮಾರು 18 ಗ್ರಾಂ. ಹುರುಳಿ, ಹೆಸರುಕಾಳು, ಸೋಯಾ ಕೂಡ ಆಗುತ್ತೆ. ತಟ್ಟೆಯಲ್ಲಿ ಇದನ್ನೇ ಮೊದಲು ತಿನ್ನಿ, ಅನ್ನ ಮುದ್ದೆ ಆಮೇಲೆ. ಇಷ್ಟಾದರೂ ಲೆಕ್ಕ ತುಂಬದಿದ್ದರೆ ಡಾಕ್ಟರ್ ಹೇಳಿದ ಪ್ರೋಟೀನ್ ಪೌಡರ್.

ಮಾತ್ರೆ ಎಷ್ಟು, ಯಾವಾಗ?

ಅಮೆರಿಕದ ಬೊಜ್ಜು ಶಸ್ತ್ರಚಿಕಿತ್ಸಕರ ಸಂಘ ಎಎಸ್‌ಎಂಬಿಎಸ್ 2016ರಲ್ಲಿ ಕೊಟ್ಟ ಮಾರ್ಗಸೂಚಿಯ ಪ್ರಕಾರ ಸ್ಲೀವ್, ಬೈಪಾಸ್ ಆದವರಿಗೆ ದಿನದ ಲೆಕ್ಕ ಹೀಗಿದೆ:

• ಕಬ್ಬಿಣ: 45-60 ಮಿಲಿಗ್ರಾಂ
• ಕ್ಯಾಲ್ಸಿಯಂ: 1200-1500 ಮಿಲಿಗ್ರಾಂ
• ವಿಟಮಿನ್ ಡಿ3: 3000 ಐಯು
• ಬಿ12 ಮಾತ್ರೆ: 350-1000 ಮೈಕ್ರೋಗ್ರಾಂ
• ಬಿ1 (ಥಯಾಮಿನ್): ಕನಿಷ್ಠ 12 ಮಿಲಿಗ್ರಾಂ

ಇದು ಮೊದಲಿಂದ ಕೊರತೆ ಇಲ್ಲದವರ ಲೆಕ್ಕ. ಇದ್ದವರಿಗೆ ಡೋಸ್ ಬೇರೆ, ಅದನ್ನು ಡಾಕ್ಟರೇ ಹೇಳಬೇಕು. ಕೈಗೆ ಸಿಕ್ಕ ಮಲ್ಟಿವಿಟಮಿನ್ ತಗೊಂಡ್ರೆ ಸಾಕು ಅಂದುಕೊಳ್ಳಬೇಡಿ, ಸ್ಟ್ರಿಪ್ ಹಿಂದೆ ಎಷ್ಟಿದೆ ಅಂತ ಓದಿ.

ಕಬ್ಬಿಣ ಮತ್ತು ಕ್ಯಾಲ್ಸಿಯಂ ಒಟ್ಟಿಗೆ ನುಂಗಿದರೆ ಕಬ್ಬಿಣ ಮೈಗೆ ಹತ್ತಲ್ಲ. ಎರಡರ ನಡುವೆ ಕನಿಷ್ಠ ಎರಡು ಗಂಟೆ ಬಿಡಿ. ಕಬ್ಬಿಣದ ಮಾತ್ರೆ ಕಾಫಿ, ಟೀ ಜೊತೆ ಬೇಡ. ಕ್ಯಾಲ್ಸಿಯಂ ಒಂದೇ ಸಲಕ್ಕೆ ಅಲ್ಲ, ಎರಡು ಮೂರು ಸಲ ಹಂಚಿ ತಗೊಳ್ಳಿ. ಜಠರದ ಆಮ್ಲ ಕಮ್ಮಿ ಇರೋದರಿಂದ ಕ್ಯಾಲ್ಸಿಯಂ ಸಿಟ್ರೇಟ್ ಮಾತ್ರೆ ಒಳ್ಳೇದು.

ಬಯೋಟಿನ್ ಬೇಕಾ?

ಕೂದಲು ಅಂದ ಕೂಡಲೇ ಕೌಂಟರ್‌ನಲ್ಲಿ ಸಿಗೋದು ಬಯೋಟಿನ್. ಅದರ ಕೊರತೆ ಇರೋದೇ ಅಪರೂಪ. ಕೊರತೆ ಇಲ್ಲದವರಿಗೆ ಅದರಿಂದ ಕೂದಲು ಬರುತ್ತೆ ಅನ್ನೋದಕ್ಕೆ ಗಟ್ಟಿ ಆಧಾರ ಇಲ್ಲ. ಮೇಲಾಗಿ ಹೆಚ್ಚು ಡೋಸ್ ತಿನ್ನುತ್ತಿದ್ದರೆ ಥೈರಾಯ್ಡ್, ಹೃದಯಾಘಾತದ ಟ್ರೋಪೋನಿನ್ ಪರೀಕ್ಷೆಗಳ ಫಲಿತಾಂಶ ತಪ್ಪಾಗಿ ಬರಬಹುದು ಅಂತ ಅಮೆರಿಕದ ಎಫ್‌ಡಿಎ 2017ರಲ್ಲೇ ಎಚ್ಚರಿಸಿದೆ. ರಕ್ತ ಕೊಡುವಾಗ ಲ್ಯಾಬ್‌ನವರಿಗೆ ಹೇಳಿ. ಸತುವನ್ನೂ ಸ್ವಂತ ಬುದ್ಧಿಯಿಂದ ಜಾಸ್ತಿ ತಿಂದರೆ ತಾಮ್ರದ ಕೊರತೆ ಬರುತ್ತೆ.

ಗ್ಲೂಕೋಸ್ ಹಾಕಿಸೋ ಮುಂಚೆ ಇದನ್ನು ಹೇಳಿ

ಕೂದಲಿಗಿಂತ ದೊಡ್ಡ ಅಪಾಯ ಇಲ್ಲಿದೆ. ಆಪರೇಷನ್ ಆದವರಿಗೆ ದಿನಗಟ್ಟಲೆ ವಾಂತಿ ನಿಲ್ಲದಿದ್ದರೆ ಬಿ1 ಬೇಗ ಖಾಲಿಯಾಗುತ್ತೆ. ದೇಹದಲ್ಲಿ ಅದು ಕೆಲವೇ ವಾರಕ್ಕೆ ಸಾಕಾಗುವಷ್ಟು ಇರುತ್ತೆ. ನಡೆಯುವಾಗ ತೂರಾಡೋದು, ಎರಡೆರಡು ಕಾಣೋದು, ಮಾತು ಗೊಂದಲ ಆಗೋದು ಇದರ ಲಕ್ಷಣ. ತಡ ಮಾಡಿದರೆ ಮೆದುಳಿಗೆ ಶಾಶ್ವತ ಪೆಟ್ಟು.

ಸುಸ್ತು ಅಂದ್ರೆ ಹತ್ತಿರದ ಕ್ಲಿನಿಕ್‌ನಲ್ಲಿ ಒಂದು ಬಾಟಲಿ ಗ್ಲೂಕೋಸ್ ಹಾಕಿಸೋದು ಊರಿನ ರೂಢಿ. ಬಿ1 ಕೊಡದೆ ಗ್ಲೂಕೋಸ್ ಮಾತ್ರ ಏರಿಸಿದರೆ ಇಂಥವರ ಸ್ಥಿತಿ ಇನ್ನೂ ಕೆಡಬಹುದು. "ನನಗೆ ಹೊಟ್ಟೆ ಆಪರೇಷನ್ ಆಗಿದೆ, ವಾಂತಿ ಆಗ್ತಿದೆ" ಅಂತ ಮೊದಲೇ ಹೇಳಿ. ಡಿಸ್ಚಾರ್ಜ್ ಚೀಟಿ ಪರ್ಸಿನಲ್ಲಿ ಇಟ್ಕೊಂಡಿರಿ. ಮೊಬೈಲ್‌ನಲ್ಲೂ ಒಂದು ಫೋಟೋ ಇರಲಿ.

ಮೆಡಿಕಲ್ ಅಂಗಡಿಯವರೂ ಗಮನಿಸಬೇಕು. ಇವರು ಮೈಕೈ ನೋವು ಅಂತ ಬಂದರೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೊಡಬೇಡಿ. ಅದರಲ್ಲೂ ಬೈಪಾಸ್ ಆದವರಿಗೆ ಹುಣ್ಣಾಗುವ ಅಪಾಯ ಇದೆ.

ಟೆಸ್ಟ್ ಯಾವಾಗ?

ಮೊದಲ ವರ್ಷ 3, 6, 12ನೇ ತಿಂಗಳು, ಆಮೇಲೆ ವರ್ಷಕ್ಕೊಮ್ಮೆ. ಹಿಮೋಗ್ಲೋಬಿನ್ ಜೊತೆಗೆ ಫೆರಿಟಿನ್, ಬಿ12, ವಿಟಮಿನ್ ಡಿ, ಕ್ಯಾಲ್ಸಿಯಂ ನೋಡಿಸಿ. ಎರಡು ವರ್ಷ ಕಳೆದು "ಈಗ ಚೆನ್ನಾಗಿದೀನಿ" ಅಂತ ಮಾತ್ರೆ ಬಿಡೋರೇ ಜಾಸ್ತಿ. ಬಿ12 ದೇಹದಲ್ಲಿ ವರ್ಷಗಟ್ಟಲೆ ದಾಸ್ತಾನು ಇರುತ್ತೆ, ಅದಕ್ಕೇ ಕೊರತೆ ತಡವಾಗಿ ಗೊತ್ತಾಗುತ್ತೆ. ಅಷ್ಟರಲ್ಲಿ ಪಾದ ಜೋಮು ಹಿಡಿದಿರುತ್ತೆ. ಉದುರಿದ ಕೂದಲು ಮತ್ತೆ ಬರುತ್ತೆ, ಹಾಳಾದ ನರ ಸರಿಹೋಗೋದು ಅಷ್ಟು ಸುಲಭ ಅಲ್ಲ.